ಅರ್ಕಾವೊತ್ತು ಕೊನೆಗೂ ಬಗ್ಗಿತು

ನಮ್ಮ ಏಳು ವರ್ಷದ ಮಗನಿಗೆ ಮನೆಯಲ್ಲೇ ಪಾಠ. ತಿಂಡಿ ಆದಮೇಲೆ ಪ್ರಾರ್ಥನೆ, ಒಂದು ಹಾಡು, ಆಮೇಲೆ ಕನ್ನಡ. ಎರಡು ತಿಂಗಳಿಂದ ಆ ಕನ್ನಡದ ಹೊತ್ತೇ ಜಗಳದ ಹೊತ್ತಾಗಿತ್ತು.

‘ಕರ್ತ’ ಅಂತ ಬರೆದರೆ ‘ಕತರ’ ಅಂತ ಓದುತ್ತಿದ್ದ. ಅವನದೂ ತಪ್ಪಲ್ಲ ಬಿಡಿ. ಅರ್ಕಾವೊತ್ತು ಕೂರುವುದು ‘ತ’ ಆದಮೇಲೆ, ಬಾಯಲ್ಲಿ ಬರುವುದು ಅದಕ್ಕಿಂತ ಮೊದಲು. ನಾನು ಒಂದೇ ಪದವನ್ನು ಇಪ್ಪತ್ತು ಸಲ ಕಾಪಿ ಬರೆಸಿದೆ. ಅವನು ಅತ್ತ, ನಾನು ರೇಗಿದೆ, ಅಷ್ಟೇ ಆಗಿದ್ದು.

ಒಂದು ದಿನ ಪ್ರಾರ್ಥನೆಯಲ್ಲಿ ಅವನೇ ‘ಕರ್ತನೇ’ ಅಂತ ಸ್ಪಷ್ಟವಾಗಿ ಅಂದ. ಓ, ಕಿವಿಗೆ ಗೊತ್ತಿದೆ, ಕಣ್ಣಿಗೆ ಮಾತ್ರ ಗೊತ್ತಿಲ್ಲ ಅಲ್ವಾ! ಅವತ್ತೇ ಕಾಪಿ ಪುಸ್ತಕ ಮುಚ್ಚಿಟ್ಟೆ. ಸ್ಟೀಲ್ ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ, ಅವನು ದಿನಾ ಹೇಳುವ ಪದಗಳನ್ನೇ ಬರೆದೆ: ಕರ್ತ, ಸ್ವರ್ಗ, ಚರ್ಚ್. ಮೊದಲು ಜೋರಾಗಿ ಹೇಳಬೇಕು, ‘ರ್’ ಬಂದಾಗ ಚಪ್ಪಾಳೆ, ಆಮೇಲೆ ಬೆರಳಿಂದ ತಿದ್ದಬೇಕು. ಪಕ್ಕದಲ್ಲೇ ‘ಕ್ರಿಸ್ತ’ ಬರೆದೆ. ಅಲ್ಲಿ ‘ರ’ ಕೆಳಗೆ ನೇತಾಡುತ್ತದೆ, ಬಾಯಲ್ಲೂ ಆಮೇಲೇ ಬರುತ್ತದೆ. (ನಾಲ್ಕು ವರ್ಷದ ಮಗಳು ಹಿಟ್ಟು ನೆಕ್ಕಿದ್ದು ಬೇರೆ ಕಥೆ.)

ಭಾನುವಾರ ಆರಾಧನೆ ಮುಗಿಸಿ ಬೆಂಗಳೂರಿನ ಟ್ರಿನಿಟಿ ಸ್ಟೇಷನ್ನಿನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದೆವು. ಎರಡನೇ ಸ್ಟೇಷನ್ನಿನ ಬೋರ್ಡು ನೋಡಿ ‘ಕಬ್ಬನ್ ಪಾಕ...’ ಅಂತ ಶುರು ಮಾಡಿದವನು ಅಲ್ಲೇ ನಿಂತ. ಸಣ್ಣಗೆ ಚಪ್ಪಾಳೆ ತಟ್ಟಿಕೊಂಡ.

‘ಪಾರ್ಕ್! ಅಮ್ಮಾ, ಇಲ್ಲೂ ರ್ ಮೊದ್ಲು!’

ಎದುರಿಗೆ ಕೂತಿದ್ದ ಅಜ್ಜಿ ನಕ್ಕರು. ಇನ್ನು ‘ರಾಷ್ಟ್ರ’ ಬಾಕಿ ಇದೆ. ಅದಕ್ಕೆ ಹಿಟ್ಟು ಜಾಸ್ತಿ ಬೇಕಾಗಬಹುದು.