ಚೈನೀಸ್ ಕಲಿಸುವ ವಿದೇಶಿ ಇಂಟರ್‌ನ್ಯಾಷನಲ್ ಶಾಲೆ: ನಾನು ಆರಿಸಿದ ಬಗೆ

ಬ್ರೋಷರಿನಲ್ಲಿ "ಚೈನೀಸ್ ಕಲಿಸುತ್ತೇವೆ" ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ವಾರಕ್ಕೊಂದು ಪೀರಿಯಡ್ ಹಾಡು ಹೇಳಿಸುವ ಶಾಲೆಯೂ ಹಾಗೇ ಬರೆಯುತ್ತದೆ, ಅರ್ಧ ದಿನದ ಪಾಠವನ್ನು ಚೈನೀಸಿನಲ್ಲೇ ನಡೆಸುವ ಶಾಲೆಯೂ ಹಾಗೇ ಬರೆಯುತ್ತದೆ. ಅದಕ್ಕೇ ನಾನು ಹುಡುಕಾಟವನ್ನು ಕೊನೆಯ ತರಗತಿಯಿಂದ ಶುರುಮಾಡಿ ಕೆಳಗಿಳಿದೆ. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಚೈನೀಸಿನಲ್ಲಿ ಯಾವ ಪರೀಕ್ಷೆ ಬರೆಯುತ್ತಾರೆ? ಮೊದಲ ಪ್ರಶ್ನೆ ಇದೇ.

ಐಬಿ ಡಿಪ್ಲೊಮಾದಲ್ಲಿ, ಅಂದರೆ ಹಲವು ಇಂಟರ್‌ನ್ಯಾಷನಲ್ ಶಾಲೆಗಳ ಕೊನೆಯ ಎರಡು ವರ್ಷದ ಕೋರ್ಸಿನಲ್ಲಿ, ಮೂರು ದಾರಿಗಳಿವೆ. ಸಾಹಿತ್ಯ ಓದುವಷ್ಟು ಭಾಷೆ ಬಲ್ಲವರಿಗೆ ಲ್ಯಾಂಗ್ವೇಜ್ ಎ, ಕೆಲವು ವರ್ಷ ಕಲಿತವರಿಗೆ ಲ್ಯಾಂಗ್ವೇಜ್ ಬಿ, ಹೊಸಬರಿಗೆ ಅಬ್ ಇನಿಶಿಯೋ. ಈ ಕೊನೆಯದು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಮಾತ್ರ ಇದೆ, 2 ವರ್ಷಕ್ಕೆ 150 ಗಂಟೆ. ಉಳಿದೆರಡು ದಾರಿಗಳಲ್ಲಿ ಸಿಗುವ ಹೈಯರ್ ಲೆವೆಲ್‌ಗೆ 240 ಗಂಟೆ. ಚಿಕ್ಕ ತರಗತಿಯಿಂದಲೇ ಕಲಿಸುತ್ತೇವೆ ಎನ್ನುವ ಶಾಲೆ ಕೊನೆಗೆ ಅಬ್ ಇನಿಶಿಯೋ ಒಂದನ್ನೇ ಇಟ್ಟಿದ್ದರೆ, ಕೆಳಗಿನ ಪಾಠ ಗಟ್ಟಿಯಾಗಿಲ್ಲ ಎಂದೇ ನನ್ನ ಲೆಕ್ಕ. ಸುಮಾರು 16ರ ವಯಸ್ಸಿನಲ್ಲಿ ಬರೆಯುವ ಕೇಂಬ್ರಿಜ್ ಐಜಿಸಿಎಸ್‌ಇ ಪರೀಕ್ಷೆಯಲ್ಲೂ ಮೊದಲ ಭಾಷೆಗೆ 0509, ಎರಡನೆಯ ಭಾಷೆಗೆ 0523, ವಿದೇಶಿ ಭಾಷೆಗೆ 0547 ಎಂದು ಸಿಲಬಸ್ ಬೇರೆಬೇರೆ. ಅಡ್ಮಿಷನ್ ಕಚೇರಿಯಲ್ಲಿ ಈ ಸಂಖ್ಯೆ ಹೇಳಿಯೇ ಕೇಳಬೇಕು. ಆಗ ಮಾತು ತೇಲುವುದಿಲ್ಲ.

ಹೆಚ್ಚು ಎಡವುವುದು ಗುಂಪು ಮಾಡುವಲ್ಲಿ. ಮನೆಯಲ್ಲಿ ಚೈನೀಸ್ ಆಡುವ ಮಕ್ಕಳನ್ನೂ ಅಕ್ಷರವೇ ಗೊತ್ತಿಲ್ಲದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಟೀಚರ್ ಮಾತು ಬಲ್ಲವರ ಕಡೆ ವಾಲುತ್ತಾರೆ, ಹೊಸಬರು ಮೂಕರಾಗುತ್ತಾರೆ. ಮಾತು ಚೆನ್ನಾಗಿ ಬಂದರೂ ಓದಲು ಬಾರದ ಮಕ್ಕಳೂ ಇದ್ದಾರೆ. ಮಾತಾಡಿಸಿ ಮಾತ್ರ ಹಂತ ನಿರ್ಧರಿಸುವ ಶಾಲೆಯಲ್ಲಿ ಅವರು ತಪ್ಪು ಗುಂಪು ಸೇರುತ್ತಾರೆ. ಓದು, ಬರಹ, ಮಾತು ಮೂರನ್ನೂ ಬೇರೆಬೇರೆ ಪರೀಕ್ಷಿಸುತ್ತಾರೆಯೇ, ವರ್ಷದ ನಡುವೆ ಗುಂಪು ಬದಲಿಸಬಹುದೇ ಎಂದು ಕೇಳಿ.

ಆಮೇಲೆ ಟೈಮ್‌ಟೇಬಲ್. ವಾರಕ್ಕೆ 40 ನಿಮಿಷದ 3 ಪೀರಿಯಡ್ ಎಂದರೆ 2 ಗಂಟೆ. 36 ವಾರಕ್ಕೆ 72 ಗಂಟೆ. ದಿನಕ್ಕೊಂದರಂತೆ ವಾರಕ್ಕೆ 5 ಪೀರಿಯಡ್ ಆದರೆ 120 ಗಂಟೆ. ಅಕ್ಷರಗಳು ಬೇಗ ಮರೆಯುವುದರಿಂದ, ವಾರಕ್ಕೊಮ್ಮೆ ನಡೆಯುವ ಎರಡು ಗಂಟೆಯ ಒಂದೇ ತರಗತಿಗಿಂತ ದಿನವೂ ಸ್ವಲ್ಪ ಸ್ವಲ್ಪ ನಡೆಯುವುದು ಮೇಲು. ವಿದೇಶಿಯರ ಚೈನೀಸ್ ಅಳೆಯಲು ಚೀನಾ ನಡೆಸುವ ಪರೀಕ್ಷೆ ಎಚ್‌ಎಸ್‌ಕೆ. "ನಮ್ಮ ಮಕ್ಕಳು ಎಚ್‌ಎಸ್‌ಕೆ 3 ಮುಗಿಸುತ್ತಾರೆ" ಎಂದರೆ ಯಾವ ಮಾನದಂಡದ 3 ಎಂದು ವಿಚಾರಿಸಿ: 6 ಹಂತಗಳ ಪದ್ಧತಿಯಲ್ಲಿ ಅದಕ್ಕೆ 600 ಪದ, 2021ರ 9 ಹಂತಗಳ ಮಾನದಂಡದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು.

ಲಿಪಿಯ ವಿಷಯವನ್ನು ಸೇರುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಚೀನಾ, ಸಿಂಗಾಪುರಗಳಲ್ಲಿ ಸರಳೀಕೃತ ಲಿಪಿ. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಸಾಂಪ್ರದಾಯಿಕ. ಉಚ್ಚಾರಣೆ ಕಲಿಸಲು ತೈವಾನಿನಲ್ಲಿ ಪಿನ್‌ಯಿನ್ (ರೋಮನ್ ಅಕ್ಷರದಲ್ಲಿ ಉಚ್ಚಾರಣೆ ಬರೆಯುವ ಕ್ರಮ) ಬದಲು 37 ಚಿಹ್ನೆಗಳ ಝುಯಿನ್ ಬಳಸುತ್ತಾರೆ. ಹಾಂಗ್‌ಕಾಂಗ್‌ನ ಬೀದಿಯ ಮಾತು ಕ್ಯಾಂಟನೀಸ್, ಆದ್ದರಿಂದ ತರಗತಿಯಲ್ಲಿ ಕಲಿತ ಮ್ಯಾಂಡರಿನ್‌ಗೆ (ಶಾಲೆಗಳು ಚೈನೀಸ್ ಎನ್ನುವುದು ಸಾಮಾನ್ಯವಾಗಿ ಇದನ್ನೇ) ಹೊರಗೆ ಅಷ್ಟು ಅಭ್ಯಾಸ ಸಿಗುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಿಸುವ ಕುಟುಂಬಕ್ಕೆ ಲಿಪಿಯ ಈ ವ್ಯತ್ಯಾಸ ದೊಡ್ಡ ಪೆಟ್ಟು. ಮುಂದಿನ ಊರಿನ ಲಿಪಿಯನ್ನೂ ಯೋಚಿಸಿಯೇ ಸೇರಿಸಬೇಕು.

ಸಾಧ್ಯವಾದರೆ ಒಂದು ಪೀರಿಯಡ್ ಹಿಂದೆ ಕೂತು ನೋಡಿ. "ಮಾ" ಎಂಬ ಒಂದೇ ಸದ್ದು ಸ್ವರದ ಏರಿಳಿತಕ್ಕೆ ತಕ್ಕಂತೆ ಅಮ್ಮನೂ ಆಗುತ್ತದೆ, ಕುದುರೆಯೂ ಆಗುತ್ತದೆ. ಮಗು ತಪ್ಪಿದಾಗ ಟೀಚರ್ ತಿದ್ದದೆ ಮುಂದೆ ಹೋದರೆ ಆ ತಪ್ಪು ಬೇರೂರುತ್ತದೆ. ಹೊರಡುವ ಮುನ್ನ ಒಂದೇ ಮಗುವಿನ ಎರಡು ನೋಟ್‌ಬುಕ್ ಕೇಳಿ ನೋಡಿ, ವರ್ಷದ ಮೊದಲ ತಿಂಗಳದ್ದು ಮತ್ತು ಕೊನೆಯ ತಿಂಗಳದ್ದು. ಎರಡರಲ್ಲೂ ಅಕ್ಷರದ ಮೇಲೆ ಪಿನ್‌ಯಿನ್ ಅಷ್ಟೇ ದಟ್ಟವಾಗಿದ್ದರೆ ಮಗು ಪಿನ್‌ಯಿನ್ ಓದುತ್ತಿದೆ, ಅಕ್ಷರವನ್ನಲ್ಲ.