ಕವರ್ ಇಲ್ದಿರೋ ಕ್ಯಾಸೆಟ್‌ಗಳಿಗೆ ನಾನೇ ಕವರ್ ಬರೆದಿದ್ದು

1988ರಲ್ಲಿ ಚಿಕ್ಕಪ್ಪ ಇಂಗ್ಲೆಂಡಿಂದ ಬರೋವಾಗ ಒಂದು ಝಡ್‌ಎಕ್ಸ್ ಸ್ಪೆಕ್ಟ್ರಮ್ ತಂದ್ಕೊಟ್ರು, ಟೀವಿಗೆ ಸಿಗಿಸಿ ಕ್ಯಾಸೆಟ್ಟಿಂದ ಆಟ ಲೋಡ್ ಮಾಡೋ ಪುಟ್ಟ ಕಂಪ್ಯೂಟರ್ ಅದು. ಜೊತೆಗೆ ಒಂದೇ ಒಂದು ಒರಿಜಿನಲ್ ಕ್ಯಾಸೆಟ್, ಹೆಡ್ ಓವರ್ ಹೀಲ್ಸ್ ಅನ್ನೋ ಆಟದ್ದು. ಮಿಕ್ಕಿದ್ದೆಲ್ಲ ಫ್ರೆಂಡ್ಸ್ ಹತ್ರ ಕಾಪಿ ಮಾಡ್ಕೊಂಡಿದ್ದು, ಬಾಲ್‌ಪೆನ್ನಲ್ಲಿ ಹೆಸ್ರು ಗೀಚಿದ ಬೋಳು ಟೇಪ್‌ಗಳು. ಅದ್ರಲ್ಲಿರೋ ಆಟ ಎಷ್ಟೇ ಚೆನ್ನಾಗಿದ್ರೂ ಯಾಕೋ ಮನಸ್ಸಿಗೆ ಇಳೀತಾನೇ ಇರ್ಲಿಲ್ಲ.

ಟೇಪ್ ಲೋಡ್ ಆಗೋಕೆ ನಾಲ್ಕೈದು ನಿಮಿಷ, ಟೀವಿ ಅಂಚಲ್ಲಿ ಪಟ್ಟೆ ಓಡ್ತಾ ಕಿರ್ರ್ ಅಂತಿರುತ್ತೆ, ಅಷ್ಟೊತ್ತೂ ಕೈಲಿರೋದು ಆ ಕವರ್ರೇ. ಸ್ಕ್ರೀನಲ್ಲಿ ಇರೋದು 256×192 ಚುಕ್ಕಿ, ಪ್ರತಿ 8×8 ಚೌಕಕ್ಕೆ ಎರಡೇ ಬಣ್ಣ, ಹೆಡ್ ಓವರ್ ಹೀಲ್ಸಲ್ಲಂತೂ ಇಡೀ ರೂಮು ಕಪ್ಪು ಮತ್ತೆ ಇನ್ನೊಂದೇ ಬಣ್ಣದಲ್ಲಿ. ಬಾಕಿ ಬಣ್ಣ, ಬೆಳಕು, ಮುಖ ಎಲ್ಲಾ ಕವರಿಂದಾನೇ ಬರ್ಬೇಕಿತ್ತು. ಅದನ್ನ ಬರೆದೋರು ಬಾಬ್ ವೇಕ್‌ಲಿನ್, ಮ್ಯಾಂಚೆಸ್ಟರಿನ ಓಷನ್ ಅನ್ನೋ ಆಟದ ಕಂಪನಿಗೆ ವಿಜ್‌ಬಾಲ್, ಗ್ರೀನ್ ಬೆರೆ ಆಟಗಳ ಕವರ್‌ಗಳನ್ನೂ ಅವ್ರೇ ಬರೆದಿದ್ದು. ಅವ್ರ ಹೆಸ್ರು ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ.

ಸರಿ, ನಾನೇ ಬರೀತೀನಿ ಅಂತ ಕೂತೆ. ಒರಿಜಿನಲ್ ಕವರ್ ಬಿಚ್ಚಿ ಅಳತೆ ತಗೊಂಡು ಡ್ರಾಯಿಂಗ್ ಶೀಟ್ ಕತ್ತರಿಸ್ದೆ, ಎತ್ತರ ಹತ್ತು ಸೆಂಟಿಮೀಟರ್, ಮುಂಭಾಗ ಆರೂವರೆ, ಬೆನ್ನಿಗೆ ಒಂದೂಕಾಲು. ಮೊದಲು ಮ್ಯಾನಿಕ್ ಮೈನರ್ ಅನ್ನೋ ಆಟಕ್ಕೆ. ಟೀವಿಲಿ ಕಂಡಿದ್ದನ್ನ ಚೌಕ ಚೌಕವಾಗಿ ಹಾಗೇ ಇಳಿಸ್ದೆ, ಸತ್ತಂಗಿತ್ತು ಚಿತ್ರ. ಕಂಡಿದ್ದನ್ನ ಮತ್ತೆ ಬರೆದ್ರೆ ಕವರ್ ಯಾಕೆ ಬೇಕು!

ಆಮೇಲೆ ಎಲೀಟ್, ಬಾಹ್ಯಾಕಾಶದ ಆಟ. ಅದ್ರಲ್ಲಿ ಬಾಹ್ಯಾಕಾಶದ ಹಡಗು, ಸ್ಟೇಷನ್ ಎಲ್ಲಾ ಬರೀ ಗೆರೆ, ಆದ್ರೆ ತಿರುಗ್ತಿರೋ ಸ್ಟೇಷನ್ನಿನ ಆ ಸಣ್ಣ ಬಾಗಿಲೊಳಗೆ ನಮ್ಮ ಹಡಗನ್ನೂ ಅದ್ರ ಜೊತೇನೇ ತಿರುಗಿಸ್ತಾ ನುಗ್ಗಿಸ್ಬೇಕು, ಅಲ್ಲಿ ನಂಗೆ ನಿಜವಾಗ್ಲೂ ಕೈ ನಡುಗ್ತಿತ್ತು, ಆ ಭಯಾನೇ ಬರೆಯೋಣ ಅನ್ನಿಸ್ತು. ಸ್ಟೇಷನ್ನನ್ನ ಕೆಳಗಿಂದ ನೋಡ್ದಂಗೆ ಕಾರ್ಡ್ ಅಂಚು ದಾಟೋಷ್ಟು ದೊಡ್ಡದು ಮಾಡ್ದೆ, ಬಾಗಿಲು ಅಕ್ಕಿಕಾಳಷ್ಟು, ಅದ್ರೊಳಗೆ ಹಳದಿ ಬೆಳಕು. ಹಿಂದೆ ಕಪ್ಪು ಪೋಸ್ಟರ್ ಕಲರ್, ಅದು ಒಣಗಿದ್ಮೇಲೆ ಹಳೇ ಟೂತ್‌ಬ್ರಶ್ ಬಿಳಿ ಬಣ್ಣದಲ್ಲಿ ಅದ್ದಿ ಹೆಬ್ಬೆರಳಲ್ಲಿ ಎಳೆದು ಚಿಮುಕಿಸಿದ್ರೆ ನಕ್ಷತ್ರ. ಅವತ್ತು ರಾತ್ರಿ ಅದನ್ನ ಹಿಡ್ಕೊಂಡೇ ಲೋಡ್ ಮಾಡ್ದೆ, ಅದೇ ಆಟ, ಆದ್ರೆ ಸ್ಟೇಷನ್ ಹತ್ರ ಬಂದಾಗ ಆ ಹಳದಿ ಬೆಳಕು ನಂಗೆ ಕಂಡೇ ಕಾಣ್ತು.

ಈಗ್ಲೂ ಸ್ಪೆಕ್ಟ್ರಮ್‌ಗೆ ಹೊಸ ಆಟ ಬರೆಯೋರಿದಾರೆ. ಹೋದ್ವರ್ಷ ಅಂಥೋರೊಬ್ಬರಿಗೆ ಕವರ್ ಮಾಡ್ಕೊಟ್ಟೆ. ಈಗ ಎ3 ಸೈಜಲ್ಲಿ ಬರೆದು ಆಮೇಲೆ ಚಿಕ್ಕದು ಮಾಡೋದು, ಮೇಲ್ಗಡೆ ಹೆಸ್ರಿಗೆ ಜಾಗ ಮೊದ್ಲೇ ಬಿಟ್ಟು. ಆಟದಲ್ಲಿ ನಾಯಕಿ 16 ಚುಕ್ಕಿ ಎತ್ತರ. ಇವ್ಳಿಗೆ ವಯಸ್ಸೆಷ್ಟು ಸರ್ ಅಂತ ಕೇಳ್ದೆ, ಅದನ್ನ ಯೋಚ್ನೇನೇ ಮಾಡಿಲ್ವಲ್ಲ ಅಂದ್ರು. ಐವತ್ತು ಅಂತ ನಾನೇ ತೀರ್ಮಾನ ಮಾಡಿ ಕಿವಿ ಹತ್ರ ಸ್ವಲ್ಪ ನರೆಗೂದಲು ಹಾಕ್ದೆ.