ದೋಸೆ ಭಟ್ಟರು ಊರಿಗೆ ಹೋಗಿ ಮರಳಿ ಬಂದರು

ಮುಂಬಯಿಯ ಮಾಟುಂಗದ ನಮ್ಮ ಹೋಟೆಲಿನಲ್ಲಿ ಎರಡೇ ವರ್ಷಗಳಲ್ಲಿ ಮೂವರು ದೋಸೆ ಭಟ್ಟರು ಕೆಲಸ ಬಿಟ್ಟರು. ಪ್ರತಿ ಸಲವೂ ಸಂಬಳ ಏರಿಸುತ್ತೇನೆಂದೆ, ಒಬ್ಬರೂ ನಿಲ್ಲಲಿಲ್ಲ. ಮೂರನೆಯವರು ಗಂಟು ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕುಳಿತು ಕಾರಣ ಕೇಳಿದೆ. "ಧಣಿಗಳೇ, ಮಗಳ ಮುಖ ನೋಡಿ ಹದಿನಾಲ್ಕು ತಿಂಗಳಾಯಿತು. ರಜೆ ಕೇಳಿದಾಗಲೆಲ್ಲ ದೋಸೆ ಕಾವಲಿಗೆ ಬೇರೆ ಯಾರಿದ್ದಾರೆ ಎಂದಿರಿ" ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಪಾತ್ರೆ ತೊಳೆಯುತ್ತಿದ್ದ ಚುರುಕಾದ ಹುಡುಗನನ್ನು ಮಧ್ಯಾಹ್ನದ ಬಿಡುವಿನಲ್ಲಿ ಕಾವಲಿಯ ಮುಂದೆ ನಿಲ್ಲಿಸಿದೆ. ಹಿಟ್ಟಿನ ಹದ ಕೈಗೆ ಹತ್ತಲು ಅವನಿಗೆ ನಾಲ್ಕು ತಿಂಗಳು ಬೇಕಾಯಿತು. ಸುಟ್ಟ ದೋಸೆಗಳಿಗೆ ಲೆಕ್ಕವಿಡಲಿಲ್ಲ. ಎರಡನೆಯ ಕೈ ಸಿಕ್ಕ ಮೇಲೆ ರಜೆಯ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಊರಿಗೆ ಹೋಗಲು ಮುಂಬಯಿ-ಮಂಗಳೂರು ನಡುವಿನ ಮತ್ಸ್ಯಗಂಧ ರೈಲಿನ ಟಿಕೆಟನ್ನು 60 ದಿನ ಮೊದಲು, ಬುಕಿಂಗ್ ತೆರೆದ ದಿನವೇ ನಾನೇ ತೆಗೆಸುತ್ತೇನೆ. ಐದು ವರ್ಷ ತುಂಬಿದರೆ, ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗಿನ ಇಡುಗಂಟು, ಸಿಗುತ್ತದೆ ಎಂಬುದು ಹುಡುಗರಿಗೆ ತಿಳಿದಿರಲಿಲ್ಲ, ಬರೆದು ಕೊಟ್ಟೆ. ಸಂಬಳವೇ ಕಡಿಮೆಯಿದ್ದರೆ ಇದಾವುದೂ ನಡೆಯದು, ಅದು ಬೇರೆ ಮಾತು.

ಈಗಿನ ಭಟ್ಟರಿಗೆ ಇದು ನಾಲ್ಕನೆಯ ವರ್ಷ. ಮೊನ್ನೆ ಊರಿನಿಂದ ಬರುವಾಗ ನಮ್ಮ ಮನೆಗೆಂದು ಒಂದು ಚೀಲ ಕುಚ್ಚಲಕ್ಕಿ ತಂದಿದ್ದರು.